ಚೀರಿಯೋಸ್ ಡಬ್ಬದ ಹಿಂಬದಿ ಓದೋದು ಹೇಗೆ

ನಾಲ್ಕು ವರ್ಷದ ಮಗಳಿಗೆ ದಿನಾ ಚೀರಿಯೋಸ್ (ಹಾಲಿಗೆ ಹಾಕಿ ತಿನ್ನೋ ಓಟ್ಸ್ ಸೀರಿಯಲ್) ಕೊಡಬಹುದಾ, ಡಬ್ಬದ ಹಿಂದೆ ಬರೀ ಕೆಮಿಕಲ್ ಹೆಸರೇ ಇದೆ, ಅದರಲ್ಲಿ ಪೇಂಟ್ ತೊಳೆಯೋ ಫಾಸ್ಫೇಟ್ ಇದೆ ಅಂತ ವಾಟ್ಸಾಪಲ್ಲಿ ಬಂತು ಅಂದಿದ್ದೀರಿ. ಕೊಡಬಹುದು. ಹೆದರಬೇಕಾದ್ದು ಆ ಉದ್ದುದ್ದ ಹೆಸರುಗಳಿಗಲ್ಲ, ಅಷ್ಟೇ.

ಇಲ್ಲಿ ಅಮೆರಿಕದಲ್ಲಿ ಪದಾರ್ಥಗಳನ್ನು ತೂಕದ ಲೆಕ್ಕದಲ್ಲಿ ಬರೆಯುತ್ತಾರೆ, ಹೆಚ್ಚಿರೋದು ಮೊದಲು. ಹಳದಿ ಡಬ್ಬದ ಸಾದಾ ಚೀರಿಯೋಸಲ್ಲಿ ಓಟ್ಸ್, ಕಾರ್ನ್ ಸ್ಟಾರ್ಚ್, ಸಕ್ಕರೆ, ಉಪ್ಪು, ಆಮೇಲೆ ಟ್ರೈಪೊಟ್ಯಾಸಿಯಂ ಫಾಸ್ಫೇಟ್. ಹಿಟ್ಟಿನ ಹುಳಿ ತಗ್ಗಿಸಿ ಹದಕ್ಕೆ ತರೋದು ಇದರ ಕೆಲಸ. ವಾಟ್ಸಾಪ್ ಕತೆ ಇದರ ದಾಯಾದಿ ಟ್ರೈಸೋಡಿಯಂ ಫಾಸ್ಫೇಟಿನದು. ಅಡುಗೆ ಸೋಡಾದಲ್ಲಿ ಸಿಂಕೂ ತಿಕ್ಕುತ್ತೇವೆ, ಬೋಂಡಾಕ್ಕೂ ಹಾಕುತ್ತೇವೆ, ಹಾಗೇ ಇದೂ. ಆದರೆ ಮನೆಯಲ್ಲಿ ಕಿಡ್ನಿ ತೊಂದರೆ ಇರೋ ಹಿರಿಯರಿದ್ದರೆ ಡಯೆಟಿಷಿಯನ್‌ಗೆ ತೋರಿಸಿ. ಹೀಗೆ ಬೆರೆಸಿದ ಫಾಸ್ಫೇಟ್, ಬೇಳೆಕಾಳಿನಲ್ಲಿ ಸಹಜವಾಗಿರೋ ರಂಜಕಕ್ಕಿಂತ (ಫಾಸ್ಫರಸ್) ಸಲೀಸಾಗಿ ರಕ್ತಕ್ಕೆ ಸೇರುತ್ತದೆ.

ಮುಂದಿನ ಹೆಸರುಗಳು ಬಹುತೇಕ ವಿಟಮಿನ್ನೇ. ನಯಾಸಿನಮೈಡ್ ಅಂದರೆ ಬಿ3, ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್ ಬಿ6, ಥಯಾಮಿನ್ ಮೊನೊನೈಟ್ರೇಟ್ ಬಿ1, ಸೋಡಿಯಂ ಆಸ್ಕಾರ್ಬೇಟ್ ಸಿ. ಟೊಕೊಫೆರಾಲ್ ವಿಟಮಿನ್ ಇ. ಓಟ್ಸಿನ ಜಿಡ್ಡು ಕಮಟು ಹಿಡಿಯದಂತೆ ಹಾಕಿರುತ್ತಾರೆ. ಕೆಲವು ಬೇರೆ ಸೀರಿಯಲ್‌ಗಳಲ್ಲಿ ಅದೇ ಕೆಲಸಕ್ಕೆ ಬಿಎಚ್‌ಟಿ ಅನ್ನೋ ರಾಸಾಯನಿಕ ಇರುತ್ತದೆ. ಒಣ ಸೀರಿಯಲ್‌ನಲ್ಲಿ ಅದಕ್ಕೆ ಎಫ್‌ಡಿಎ (ಇಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ) ಇಟ್ಟ ಮಿತಿ ಹತ್ತು ಲಕ್ಷಕ್ಕೆ 50 ಪಾಲು. ಬೇಡ ಅನ್ನಿಸಿದರೆ ಬಿಡಿ, ಅದಿಲ್ಲದ ಡಬ್ಬ ಬೇಕಾದಷ್ಟಿವೆ.

ಬಿಸಿ ತಾಳದ ವಿಟಮಿನ್‌ಗಳನ್ನು ಸಾಮಾನ್ಯವಾಗಿ ಬೇಯಿಸಿದ ಮೇಲೆ ಹೊರಗಿಂದ ಸಿಂಪಡಿಸುತ್ತಾರೆ. ಹಾಲು ಹುಯ್ದ ಕೂಡಲೇ ಅದರಲ್ಲಿ ಒಂದಷ್ಟು ಹಾಲಿಗೆ ಇಳಿಯುತ್ತದೆ. ಮಗು ಕಾಳು ತಿಂದು ಹಾಲು ಬಿಟ್ಟರೆ ಸಿಂಕಿಗೆ ಸುರಿಯಬೇಡಿ, ಕುಡಿಸಿ.

ಗಮನ ಬೇಕಾದ್ದು ಕಬ್ಬಿಣಕ್ಕೆ. ಸೀರಿಯಲ್‌ಗಳಿಗೆ ಹಾಕೋದು ಹೆಚ್ಚಾಗಿ ನುಣ್ಣನೆ ಕಬ್ಬಿಣದ ಪುಡಿಯನ್ನೇ. ಒಂದು ಬಟ್ಟಲು ಸೀರಿಯಲ್ ಪುಡಿಮಾಡಿ, ಜಿಪ್ ಚೀಲದಲ್ಲಿ ಬಿಸಿನೀರಿನ ಜೊತೆ ಅರ್ಧ ಗಂಟೆ ನೆನೆಸಿ, ಹೊರಗಿಂದ ಬಲವಾದ ಆಯಸ್ಕಾಂತ ಆಡಿಸಿದರೆ ಕಪ್ಪು ಗೆರೆಯಂತೆ ಕೂಡುತ್ತದೆ. ಚೀರಿಯೋಸಿನ ಒಂದು ಸರ್ವಿಂಗ್ 39 ಗ್ರಾಂ, ಒಂದೂವರೆ ಕಪ್. ಅದರಲ್ಲಿ ಕಬ್ಬಿಣ 12.6 ಮಿ.ಗ್ರಾಂ. ನಾಲ್ಕರಿಂದ ಎಂಟು ವರ್ಷದವರಿಗೆ ದಿನಕ್ಕೆ ಬೇಕಾದ್ದು 10, ದಾಟಬಾರದ್ದು 40. ಸೀರಿಯಲ್ ಒಂದರಿಂದ ಅಪಾಯವಿಲ್ಲ. ಅದರ ಮೇಲೆ ಕಬ್ಬಿಣದ ಮಲ್ಟಿವಿಟಮಿನ್, ಮಧ್ಯಾಹ್ನ ಮತ್ತೆ ಒಂದು ಬಟ್ಟಲು ಅಂತಾದರೆ ಲೆಕ್ಕ ತಪ್ಪುತ್ತದೆ. ಮಾತ್ರೆಯ ಬಾಟಲಿ ಕೈಗೆಟುಕದ ಕಡೆ ಇಡಿ, ಮಿಠಾಯಿ ಅಂತ ಮುಕ್ಕಿದರೆ ಆಸ್ಪತ್ರೆಯೇ ಗತಿ. ಬಟ್ಟಲಿಗೆ ಎಷ್ಟು ಬೀಳುತ್ತಿದೆ ಅಂತ ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿ, ಸಾಮಾನ್ಯವಾಗಿ ಸರ್ವಿಂಗಿಗಿಂತ ಜಾಸ್ತಿಯೇ ಇರುತ್ತದೆ.

ಹನಿ ನಟ್ ಚೀರಿಯೋಸ್ ಬೇರೆಯೇ ವಸ್ತು. 37 ಗ್ರಾಂಗೆ ಸೇರಿಸಿದ ಸಕ್ಕರೆ 12 ಗ್ರಾಂ, ಅಂದರೆ ಮೂರು ಟೀ ಚಮಚ. ಮಕ್ಕಳು ಕೈ ಚಾಚೋದು ಅದಕ್ಕೇ.

ಸಸ್ಯಾಹಾರಿಗಳಾದರೆ ಇನ್ನೊಂದು ಮಾತು: ಇಲ್ಲಿ ಹಸಿರು ಚುಕ್ಕಿ ಇರೋಲ್ಲ. ಲಕ್ಕಿ ಚಾರ್ಮ್ಸ್ ಸೀರಿಯಲ್‌ನ ಮಾರ್ಷ್‌ಮ್ಯಾಲೊದಲ್ಲಿ (ಮೆತ್ತನೆ ಸಿಹಿ ತುಣುಕು) ಜೆಲಟಿನ್ ಇದೆ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಗೋಧಿಯ ಸೀರಿಯಲ್ ಫ್ರಾಸ್ಟೆಡ್ ಮಿನಿ ವೀಟ್ಸ್‌ನಲ್ಲೂ ಇದೆ. ಬರೀ ಗೋಧಿ ತಾನೇ ಅಂತ ಡಬ್ಬ ಓದದೆ ತರುವವರು ಮೋಸ ಹೋಗೋದು ಇಲ್ಲೇ. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು. ಅದಕ್ಕಾಗಿ ಕುರಿ ಕೊಲ್ಲೋಲ್ಲ, ತಿನ್ನೋದು ಬಿಡೋದು ನಿಮ್ಮ ಮನೆ ಪದ್ಧತಿಗೆ ಬಿಟ್ಟದ್ದು.

ದೊಡ್ಡವರು ತಿನ್ನುವಾಗ ಫಿಲ್ಟರ್ ಕಾಫಿ, ಚಹಾ ಒಂದು ಗಂಟೆ ತಡವಾಗಲಿ. ಅವು ಕಬ್ಬಿಣವನ್ನು ಮೈಗೆ ಹತ್ತಗೊಡೋಲ್ಲ. ಮಗುವಿನ ಬಟ್ಟಲಿಗೆ ನಾಲ್ಕು ಹೋಳು ಸ್ಟ್ರಾಬೆರಿ ಹಾಕಿ, ಅದರ ವಿಟಮಿನ್ ಸಿ ಹತ್ತಿಸುತ್ತದೆ.