ಕೂಲಂಟ್ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗೋ ಮುಂಚೆ ಹೆಡ್ ಇಳಿಸಬೇಡಿ

ಪ್ರಶ್ನೆ: ನಂದು ಆರು ಸಿಲಿಂಡರ್, 12 ಚಕ್ರದ ಬಿಎಸ್6 ಲಾರಿ, ಹಾಸನ–ಮಂಗಳೂರು ಲೋಡು. ವಾರಕ್ಕೆ ಮೂರು ಲೀಟರ್ ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಕಮ್ಮಿ ಆಗ್ತಿದೆ. ಕೆಳಗೆ ಒಂದು ಹನಿ ಬೀಳಲ್ಲ, ಆಯಿಲ್ ಹಾಲಿನ ತರ ಆಗಿಲ್ಲ, ಹೀಟೂ ಆಗಲ್ಲ. ಮೆಕ್ಯಾನಿಕ್ ಹೆಡ್ ಪ್ಯಾಕಿಂಗ್ ಹೋಗಿದೆ ಅಂತ ಹೆಡ್ ಇಳಿಸಿ ಹೊಸದು ಹಾಕಿದ್ರು, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಈಗ ಬ್ಲಾಕೇ ಕ್ರ್ಯಾಕ್ ಅಂತಿದ್ದಾರೆ. ಏನ್ ಮಾಡ್ಲಿ ಸಾರ್?

ಉತ್ತರ: ಮೊದ್ಲು ಆ ಬ್ಲಾಕಿಗೆ ಕೈ ಹಾಕೋಕೆ ಬಿಡಬೇಡಿ. (ಗೊತ್ತಿಲ್ಲದವರಿಗೆ: ಬ್ಲಾಕ್ ಅಂದ್ರೆ ಇಂಜಿನ್ನಿನ ಮೈ, ಹೆಡ್ ಅದರ ಮೇಲಿನ ಮುಚ್ಚಳ, ಹೆಡ್ ಪ್ಯಾಕಿಂಗ್ ಎರಡರ ಮಧ್ಯದ ಸೀಲ್.) ಊರು, ಗಾಡಿ ಬೇರೆ ಬೇರೆ ಅಷ್ಟೇ, ಇದೇ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲ ಬರತ್ತೆ, ಪ್ರತಿ ಸಲ ಹೆಡ್ ಇಳಿಸಿ ಆದ್ಮೇಲೇ ಬರತ್ತೆ. ಇಳಿಸೋ ಮುಂಚೆ ಕೇಳಿದವರು ಒಬ್ಬರೂ ಇಲ್ಲ.

ನಾನೂ ಈ ತಪ್ಪು ಮಾಡಿದ್ದೀನಿ, ಮುಚ್ಚಿಡಲ್ಲ. ಸಂಡೂರು ಕಡೆ ಅದಿರು ಹೊಡೀತಿದ್ದ ಟಿಪ್ಪರ್ ಒಂದು, ಕೂಲಂಟ್ ಟ್ಯಾಂಕಲ್ಲಿ ಗುಳುಗುಳು ಗುಳ್ಳೆ ಬರ್ತಿತ್ತು, ನೋಡಿದ ತಕ್ಷಣ ಹೆಡ್ ಪ್ಯಾಕಿಂಗ್ ಅಂದೆ, ಇಳಿಸಿದೆ, ಹಾಕಿದೆ, ಮತ್ತೆ ಗುಳ್ಳೆ. ಲೇಥಿನವನನ್ನ ಬೈದು, ಹೆಡ್ ಫೇಸ್ ಹೊಡೆಸಿ (ತಳ ಸಮ ಮಾಡಿಸಿ) ಮತ್ತೊಂದ್ ಸಲ ಹಾಕಿದೆ. ಮೂರನೇ ಸಲ ಇನ್ನೇನು ಸ್ಪ್ಯಾನರ್ ಹಿಡೀಬೇಕು, ಗಾಡಿ ಐಡಲ್‌ನಲ್ಲಿ ನಿಂತಿತ್ತು, ಬ್ರೇಕಿನ ಏರ್ ಟ್ಯಾಂಕ್ ಫುಲ್ ಆಗಿ, ಕಂಪ್ರೆಸರ್ ಗಾಳಿ ತುಂಬೋದನ್ನ ನಿಲ್ಸೋ ಗವರ್ನರ್ ವಾಲ್ವ್ ಚುಸ್ ಅಂತು ನೋಡಿ, ಅದೇ ಕ್ಷಣ ಗುಳ್ಳೆ ನಿಂತುಹೋಯ್ತು. ಬ್ರೇಕ್ ತುಳಿದು ಗಾಳಿ ಇಳಿಸಿದೆ, ಕಂಪ್ರೆಸರ್ ಮತ್ತೆ ಲೋಡ್ ತಗೊಂತು, ಗುಳ್ಳೆ ಶುರು. ಹೋಗಿದ್ದು ಏರ್ ಕಂಪ್ರೆಸರ್ ಹೆಡ್ಡಿನ ಪ್ಯಾಕಿಂಗು. ನಾಲ್ಕು ಬೋಲ್ಟಿನ ಕೆಲಸಕ್ಕೆ ಎರಡು ಸಲ ಇಂಜಿನ್ ಹೆಡ್ ಇಳಿಸಿದ್ದೆ. ಲೇಥಿನವನ ಹತ್ರ ಆಮೇಲೆ ಹೋಗಿ ಕ್ಷಮೆ ಕೇಳಿದೆ, ಬಿಡಿ.

ಕಂಪ್ರೆಸರ್ ಹೆಡ್ಡಿಗೂ ಇಂಜಿನ್ ಕೂಲಂಟೇ ಹೋಗತ್ತೆ ಅನ್ನೋದನ್ನ ಎಲ್ಲಾರೂ ಮರೀತಾರೆ. ಅಲ್ಲಿ ಗಾಳಿಯ ಪ್ರೆಶರ್ ಎಂಟು ಹತ್ತು ಬಾರ್, ಕೂಲಂಟ್ ಹೆಚ್ಚಂದ್ರೆ ಒಂದು ಬಾರ್ ಆಸುಪಾಸು. ಪ್ಯಾಕಿಂಗ್ ಬಿಟ್ರೆ ಗಾಡಿ ಓಡುವಾಗ ಗಾಳಿ ಕೂಲಂಟಿಗೆ ನುಗ್ಗತ್ತೆ, ಟ್ಯಾಂಕ್ ಕ್ಯಾಪಿಂದ ಕೂಲಂಟ್ ಹೊರಗೆ ತಳ್ಳತ್ತೆ, ಅದು ರೋಡಲ್ಲೇ ಆರಿಹೋಗತ್ತೆ, ನೀವು ನಿಲ್ಸಿ ಕೆಳಗೆ ಬಗ್ಗಿ ನೋಡಿದ್ರೆ ಒಣಗಿರತ್ತೆ. ಗಾಡಿ ಆಫ್ ಮಾಡಿದ್ ಮೇಲೆ ಉಲ್ಟಾ, ಕೂಲಂಟು ಕಂಪ್ರೆಸರ್ ಒಳಗೆ ಇಳಿದು ಏರ್ ಟ್ಯಾಂಕ್ ಸೇರತ್ತೆ. ಹಂಗಾಗಿ ನಿಮ್ಮ ಮೊದಲ ಕೆಲಸ, ಏರ್ ಟ್ಯಾಂಕಿನ ಡ್ರೈನ್ ವಾಲ್ವ್ ಎಳೆದು ಒಂದು ಬಿಳಿ ಬಟ್ಟೆ ಹಿಡೀರಿ. ಬರೀ ನೀರು, ಸ್ವಲ್ಪ ಆಯಿಲ್ ಬಂದ್ರೆ ಸರಿ. ಬಣ್ಣ ಬಂತು, ಮುಟ್ಟಿದ್ರೆ ಜಿಡ್ಡಾಗಿ ಜಾರತ್ತೆ, ವಾಸನೆ ಸಿಹಿ ಅನ್ಸತ್ತೆ ಅಂದ್ರೆ ಅಲ್ಲೇ ಸಿಕ್ತು. ನಾಲಿಗೆಗೆ ಇಟ್ಟು ನೋಡೋ ಹಳಬರಿದ್ದಾರೆ, ದಯವಿಟ್ಟು ಬೇಡ, ಎಥಿಲೀನ್ ಗ್ಲೈಕಾಲ್ ವಿಷ, ಕಿಡ್ನಿ ಹೋಗತ್ತೆ.

ಅಲ್ಲಿ ಏನೂ ಇಲ್ವಾ? ಈಗ ನಾನು ಕೇಳೋ ಪ್ರಶ್ನೆಗೆ ಉತ್ತರ ಬೇಕು, ಕೂಲಂಟ್ ಕಮ್ಮಿ ಆಗೋದು ಓಡುವಾಗಲೋ, ನಿಂತಾಗಲೋ? ವಾರಕ್ಕೆ ಮೂರು ಲೀಟರ್ ಅನ್ನೋ ಲೆಕ್ಕ ನನಗೆ ಪ್ರಯೋಜನ ಇಲ್ಲ. ರಾತ್ರಿ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕಿನ ಮೇಲೆ ಲೆವೆಲ್ಲಿಗೆ ಒಂದು ಟೇಪ್ ಅಂಟಿಸಿ, ಗಾಡಿ ಅಲುಗಾಡಿಸದೆ ಬೆಳಿಗ್ಗೆ ನೋಡಿ. ಸಕಲೇಶಪುರದಲ್ಲಿ ತಣ್ಣಗಿದ್ದಾಗ ಒಂದು, ಶಿರಾಡಿ ಇಳಿದು ಲೋಡ್ ಖಾಲಿ ಮಾಡಿ ಮಾರನೇ ದಿನ ತಣ್ಣಗಾದಾಗ ಒಂದು, ಲೋಡ್ ಹಾಕ್ಕೊಂಡು ಘಾಟ್ ಹತ್ತಿ ಬಂದು ತಣ್ಣಗಾದ್ಮೇಲೆ ಒಂದು. ಮೂರು ದಿನ ಬರೆದಿಡಿ, ಡ್ರೈವರಿಗೆ ಹೇಳ್ಬೇಡಿ, ನೀವೇ ಬರೀರಿ.

ಬರೀ ಘಾಟ್ ಹತ್ತುವಾಗ ಹೋಗ್ತಿದೆ ಅಂದ್ರೆ ನನ್ನ ಅನುಮಾನ ಇಜಿಆರ್ ಕೂಲರ್ ಮೇಲೆ, ಅಂದ್ರೆ ಇಂಜಿನ್ನಿಗೆ ವಾಪಸ್ ಹೋಗೋ ಹೊಗೇನ ಕೂಲಂಟಿಂದ ತಣ್ಣಗೆ ಮಾಡೋ ಭಾಗ. ಎಲ್ಲ ಬಿಎಸ್6 ಗಾಡಿಗೂ ಇಜಿಆರ್ ಇರಲ್ಲ, ನಿಮ್ಮದಕ್ಕೆ ಇದೆಯಾ ನೋಡ್ಕೊಳಿ. ಇದ್ರೆ, ಐನೂರು ಡಿಗ್ರಿ ದಾಟಿದ ಹೊಗೆ ಒಂದು ಕಡೆ, ತೊಂಬತ್ತು ಡಿಗ್ರಿ ಕೂಲಂಟ್ ಇನ್ನೊಂದು ಕಡೆ, ಮಧ್ಯೆ ತೆಳ್ಳನೆ ತಗಡು. ಹತ್ತಿ ಬಂದ ತಕ್ಷಣ ಟೀ ಅಂಗಡಿ ಮುಂದೆ ಚಾವಿ ತಿರುಗಿಸಿಬಿಡ್ತಾರಲ್ಲ, ಆ ತಗಡು ಬಿರುಕು ಬಿಡೋದು ಅದಕ್ಕೇ. ಕೂಲಂಟು ಹೊಗೆ ಜೊತೆ ಆವಿಯಾಗಿ ಸೈಲೆನ್ಸರಲ್ಲಿ ಹೋಗತ್ತೆ, ಕೆಳಗೆ ಹನಿ ಇಲ್ಲ, ಆಯಿಲಲ್ಲೂ ಇಲ್ಲ, ಹೀಟೂ ಇಲ್ಲ, ನಿಮ್ಮ ಕಂಪ್ಲೇಂಟಿಗೆ ಸರಿಯಾಗಿ ಕೂರತ್ತೆ. ಇಜಿಆರ್ ಪೈಪ್ ಬಿಚ್ಚಿ ಟಾರ್ಚ್ ಬಿಡಿ. ಒಳ್ಳೆ ಪೈಪಲ್ಲಿ ಮಸಿ ಒಣಗಿ ಕಾಡಿಗೆ ಪುಡಿ ತರ ಇರತ್ತೆ, ಸೋರ್ತಿದ್ರೆ ಮಸಿ ಒದ್ದೆ, ಇಲ್ಲ ತೊಳೆದ ಹಾಗೆ ಒಂದು ಜಾಗ ಮಾತ್ರ ಕ್ಲೀನು, ಪಕ್ಕದಲ್ಲಿ ಬಿಳಿ ಪಕ್ಕು. ಕೂಲರ್ ಇಳಿಸಿ ಚೆಕ್ ಮಾಡಿಸೋದಾದ್ರೆ ಬಿಸಿನೀರಲ್ಲಿ ಮುಳುಗಿಸಿ ಗಾಳಿ ಬಿಡಿ ಅನ್ನಿ, ತಣ್ಣೀರಲ್ಲಿ ಬಿರುಕು ಮುಚ್ಚಿಕೊಂಡು ಪಾಸ್ ಆಗಿಬಿಡತ್ತೆ. ಇದನ್ನ ತಡ ಮಾಡಬೇಡಿ, ಆ ಕೂಲಂಟ್ ಹೋಗಿ ಸೈಲೆನ್ಸರ್ ಒಳಗಿನ ಫಿಲ್ಟರ್, ಕ್ಯಾಟಲಿಸ್ಟ್ ಹಾಳು ಮಾಡಿದ್ರೆ ಆ ಬಿಲ್ ಮುಂದೆ ನಿಮ್ಮ ಹೆಡ್ ಬಿಲ್ಲು ಚಿಲ್ಲರೆ.

ನಿಂತಾಗ ಹೋಗ್ತಿದೆ ಅಂದ್ರೆ ಬೇರೆ ದಾರಿ. ಬೆಳಗಿನ ಜಾವ ಚಳೀಲಿ ಹೋಸ್ ಕ್ಲಿಪ್ ಸಡಿಲ ಆಗಿ ಚೂರು ಸೋರತ್ತೆ, ಇಂಜಿನ್ ಬಿಸಿಯಾದ ಕೂಡಲೇ ಹೋಸ್ ಉಬ್ಬಿ ಬಿಗಿಯಾಗತ್ತೆ, ಒಂಬತ್ತು ಗಂಟೆಗೆ ಗ್ಯಾರೇಜಿಗೆ ಬಂದ್ರೆ ಏನೂ ಕಾಣಲ್ಲ. ಅದಕ್ಕೇ ಪ್ರೆಶರ್ ಟೆಸ್ಟ್ ತಣ್ಣಗಿರೋ ಇಂಜಿನ್ನಿಗೆ ಮಾಡಬೇಕು, ಕ್ಯಾಪ್ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಪ್ರೆಶರ್, ಐದು ನಿಮಿಷ ಅಲ್ಲ, ಸಾಧ್ಯ ಆದ್ರೆ ರಾತ್ರಿ ಪೂರ್ತಿ ಬಿಡಬೇಕು. ಕ್ಯಾಪನ್ನೂ ಟೆಸ್ಟ್ ಮಾಡಿ. ಬಿಸಿ ಇಂಜಿನ್ನಿನ ಕ್ಯಾಪ್ ತೆಗೀಬೇಡಿ, ನನ್ನ ಎಡಗೈ ಮೇಲಿನ ಕಲೆ ಇಪ್ಪತ್ತು ವರ್ಷ ಹಳೇದು, ಇನ್ನೂ ಹೋಗಿಲ್ಲ.

ಇನ್ನು ಕೂಲಂಟ್ ಸೇರಿದ್ರೆ ಆಯಿಲ್ ಹಾಲಿನ ತರ ಆಗ್ಬೇಕು, ಆಗಿಲ್ಲ ಅಂತೀರಲ್ಲ, ಈ ಮಾತು ಕೇಳಿ ಕೇಳಿ ಸಾಕಾಗಿದೆ. ದಿನಕ್ಕೆ ಹತ್ತು ಗಂಟೆ ಓಡೋ ಇಂಜಿನ್ನಲ್ಲಿ ಒಳಗೆ ಬಿದ್ದ ನೀರು ಆವಿಯಾಗಿ ಬ್ರೀದರಲ್ಲಿ (ಇಂಜಿನ್ ಉಸಿರಾಡೋ ಪೈಪು) ಹೋಗಿಬಿಡತ್ತೆ, ಉಳಿಯೋದು ಗ್ಲೈಕಾಲ್, ಅದು ಸದ್ದಿಲ್ಲದೆ ಬೇರಿಂಗ್ ತಿನ್ನತ್ತೆ. ರಾತ್ರಿ ಪೂರ್ತಿ ಸಮತಟ್ಟಾದ ಜಾಗದಲ್ಲಿ ನಿಲ್ಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಆಯಿಲ್ ಚೇಂಬರಿನ ಡ್ರೈನ್ ಪ್ಲಗ್ ಪೂರ್ತಿ ತೆಗೀದೆ ಎಳೆಎಳೆಯಾಗಿ ಸಡಿಲ ಮಾಡಿ, ಕೆಳಗೆ ಗಾಜಿನ ಲೋಟ ಹಿಡೀರಿ. ಕೂಲಂಟ್ ಆಯಿಲಿಗಿಂತ ಭಾರ, ಇದ್ರೆ ಅದೇ ಮೊದಲು ಬರತ್ತೆ, ಲೋಟದ ತಳದಲ್ಲಿ ಬಣ್ಣದ ನೀರು, ಆಮೇಲೆ ಕಪ್ಪು ಆಯಿಲ್ ಇಳಿಯತ್ತೆ. ಬರಲಿಲ್ಲ ಅಂದ್ರೂ ಇನ್ನೂರು ಎಂಎಲ್ ಆಯಿಲ್ ಲ್ಯಾಬಿಗೆ ಕಳಿಸಿ ಕೂಲಂಟಿನ ಗುರುತಾದ ಸೋಡಿಯಂ, ಪೊಟ್ಯಾಸಿಯಂ ನೋಡಿಸಿ, ಹೊಸ ಆಯಿಲ್ ಸ್ಯಾಂಪಲ್ಲೂ ಜೊತೆಗಿರಲಿ. ಎರಡೂ ಏರಿದ್ರೆ ಲೈನರ್ (ಪಿಸ್ಟನ್ ಓಡಾಡೋ ಕೊಳವೆ) ಸುತ್ತಲ ರಬ್ಬರ್ ಓ-ರಿಂಗೋ, ಆಯಿಲ್ ಕೂಲರೋ, ಇಲ್ಲ ಲೈನರ್ರೇ ತೂತೋ. ಬೋರ್‌ವೆಲ್ ನೀರು ಸುರಿದ ಗಾಡೀಲಿ ಲೈನರ್ ಹೊರಗಡೆ ಸೂಜಿ ಚುಚ್ಚಿದ ಹಾಗೆ ಗುಂಡಿ ಬಿದ್ದಿರತ್ತೆ, ಪ್ರತಿ ಫೈರಿಂಗಿಗೂ ಲೈನರ್ ನಡುಗಿ ನೀರಲ್ಲಿ ಸಣ್ಣ ಗುಳ್ಳೆ ಹುಟ್ಟಿ ಒಡೆದು ಕಬ್ಬಿಣ ಕೆರೆಯತ್ತೆ, ಒಳ್ಳೆ ಕೂಲಂಟಲ್ಲಿರೋ ಕೆಮಿಕಲ್ ಅದನ್ನ ತಡೆಯೋಕೇ ಇರೋದು.

ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ. ಒಂದೇ ರಾತ್ರೀಲಿ ಲೀಟರ್‌ಗಟ್ಟಲೆ ಇಳಿದಿದ್ದು ಕಂಡ್ರೆ, ಇಲ್ಲ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಟಕ್ ಅಂತ ನಿಂತ್ರೆ, ಇನ್ನೊಂದ್ ಸಲ ಚಾವಿ ತಿರುಗಿಸಬೇಡಿ. ಸಿಲಿಂಡರಲ್ಲಿ ಕೂಲಂಟ್ ತುಂಬಿದ್ರೆ ಅದು ಗಾಳಿ ತರ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗತ್ತೆ. ಕೈಯಲ್ಲೇ ಇಂಜಿನ್ ತಿರುಗಿಸಿ ನೋಡಿ.

ಇಷ್ಟೂ ಆಗಿ ಏನೂ ಸಿಗಲಿಲ್ಲ ಅಂದ್ರೆ ಆಗ ಹೆಡ್ಡು, ಬ್ಲಾಕು ಮಾತಾಡೋಣ.

ಪ್ರಶ್ನೆ: ರೇಡಿಯೇಟರ್ ಸೋರ್ತಿದ್ರೆ ಅರಿಶಿನ ಪುಡಿ ಹಾಕಬಹುದಾ?

ಉತ್ತರ: ತೂತಿಗಿಂತ ಮೊದಲು ರೇಡಿಯೇಟರ್ ಟ್ಯೂಬು, ಆಯಿಲ್ ಕೂಲರ್ ಮುಚ್ಚಿಹೋಗತ್ತೆ. ರೋಡ್ ಮೇಲೆ ಅರಿಶಿನದ ಪ್ಯಾಕೆಟ್ ಹಿಡ್ಕೊಂಡು ಬರೋ ಮಿಸ್ತ್ರಿಗೆ ಟೀ ಕೊಡಿಸಿ ಕಳಿಸಿ, ಕ್ಯಾಪ್ ಹತ್ರ ಬಿಡಬೇಡಿ. ಡಬ್ಬೀಲಿ ಬರೋ ಲೀಕ್ ಸೀಲ್ ಪೌಡರಿಗೂ ಇದೇ ಉತ್ತರ.

ಪ್ರಶ್ನೆ: ರಾಯಚೂರು ಬಿಸಿಲಿಗೆ ಥರ್ಮೋಸ್ಟಾಟ್ ತೆಗೆದುಹಾಕಿದ್ರೆ ಇಂಜಿನ್ ತಂಪಾಗಿರತ್ತೆ ಅಂತಾರೆ, ನಿಜಾನಾ?

ಉತ್ತರ: ಸುಳ್ಳು. ಥರ್ಮೋಸ್ಟಾಟ್ ಅಂದ್ರೆ ಬಿಸಿ ನೋಡಿ ಕೂಲಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್. ಅದಿಲ್ಲದಿದ್ರೆ ಕೆಲವು ಇಂಜಿನ್ನಲ್ಲಿ ಬೈಪಾಸ್ (ರೇಡಿಯೇಟರ್ ತಪ್ಪಿಸಿ ಹೋಗೋ ದಾರಿ) ತೆರೆದೇ ಉಳಿದು ಇನ್ನೂ ಹೀಟ್ ಆಗತ್ತೆ. ತೆಗೆದಿದ್ರೆ ಇವತ್ತೇ ವಾಪಸ್ ಹಾಕಿ.

ಪ್ರಶ್ನೆ: ಹಸಿರು ಕೂಲಂಟಿಗೆ ಪಿಂಕ್ ಸೇರಿಸಬಹುದಾ?

ಉತ್ತರ: ಬಣ್ಣ ಬರೀ ಡೈ, ಅದನ್ನ ನೋಡಿ ಏನೂ ಹೇಳಕ್ಕಾಗಲ್ಲ. ಡಬ್ಬಿ ಮೇಲಿನ ಸ್ಪೆಸಿಫಿಕೇಷನ್ ಓದಿ ಗಾಡಿ ಪುಸ್ತಕದ ಜೊತೆ ಹೋಲಿಸಿ.

ಪ್ರಶ್ನೆ: ಮೊನ್ನೆ ರೇಡಿಯೇಟರ್ ಬದಲಾಯಿಸಿದ್ವಿ, ಆವಾಗಿಂದ ದಿನಾ ಅರ್ಧ ಲೀಟರ್ ಇಳೀತಿದೆ, ಹೆಡ್ ಬಿಚ್ಚಿಸಬೇಕಾ?

ಉತ್ತರ: ಮೇಲಿನದನ್ನ ಓದಿದ್ರಾ? ಒಳಗೆ ಸಿಕ್ಕಿಕೊಂಡಿರೋ ಗಾಳಿ ಹೊರಗೆ ಬರ್ತಿದೆ, ಏರ್ ಬ್ಲೀಡ್ ಮಾಡಿಸಿ, ಎರಡು ಮೂರು ದಿನ ತಣ್ಣಗಿದ್ದಾಗ ಲೆವೆಲ್ ತುಂಬ್ಕೊಂಡು ಓಡಿಸಿ. ಆಮೇಲೂ ಇಳಿದ್ರೆ ಟೇಪ್ ಅಂಟಿಸಿ, ಲೆಕ್ಕ ಬರೆದು ಕಳಿಸಿ.