ಓದುಗರ ಪ್ರಶ್ನೆ: ನೈಜೀರಿಯಾದ ಯುವಕರು ನಿಜವಾಗಿಯೂ ಸೋಮಾರಿಗಳೇ?

ಪ್ರಶ್ನೆ: ನನ್ನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ನೈಜೀರಿಯಾದ ಹುಡುಗನೊಬ್ಬ ಅವನ ಸಹಪಾಠಿಯಾಗಿದ್ದ. ಓದಿನಲ್ಲಿ ಇಬ್ಬರೂ ಮುಂದಿದ್ದರು. ಆ ಹುಡುಗ ಈಗ ಲಾಗೋಸಿನಲ್ಲಿದ್ದಾನೆ, ಓದಿಗೆ ತಕ್ಕ ಕೆಲಸ ಸಿಕ್ಕಿಲ್ಲ. ನನ್ನ ಮಗ ತೋಟದ ಮನೆಯಲ್ಲಿದ್ದಾನೆ. ಇಬ್ಬರೂ ಫೋನಿನಲ್ಲಿ ವ್ಯಕ್ತಿತ್ವ ವಿಕಸನದ ಭಾಷಣಗಳನ್ನು ಕೇಳುತ್ತಾರೆ, ಆನ್‌ಲೈನ್ ಕೋರ್ಸುಗಳ ಸರ್ಟಿಫಿಕೇಟ್ ಕೂಡಿಸುತ್ತಾರೆ, ತಮ್ಮ ಸಾಮರ್ಥ್ಯವೆಲ್ಲ ವ್ಯರ್ಥವಾಗುತ್ತಿದೆ ಎಂದು ಪರಸ್ಪರ ಹೇಳಿಕೊಳ್ಳುತ್ತಾರೆ. ನೈಜೀರಿಯಾದ ಅಧ್ಯಕ್ಷರೇ ಅಲ್ಲಿನ ಯುವಕರನ್ನು ಸೋಮಾರಿಗಳೆಂದು ಕರೆದಿದ್ದರಂತೆ. ತಪ್ಪು ಯುವಕರದೋ, ದೇಶದ್ದೋ? ನನ್ನ ಮಗನಿಗೆ ನಾನು ಏನು ಹೇಳಲಿ?
ಕಾಫಿ ಬೆಳೆಗಾರರು, ಪೊನ್ನಂಪೇಟೆ ತಾಲ್ಲೂಕು

ಉತ್ತರ: ತಾವು ಕೇಳಿರುವುದು 2018ರ ಏಪ್ರಿಲ್ ತಿಂಗಳ ಮಾತು. ಅಂದಿನ ಅಧ್ಯಕ್ಷ ಮುಹಮ್ಮದು ಬುಹಾರಿಯವರು ಲಂಡನ್ನಿನ ಸಭೆಯೊಂದರಲ್ಲಿ, ತಮ್ಮ ಯುವಜನರಲ್ಲಿ ಬಹಳ ಮಂದಿ ಶಾಲೆಗೇ ಹೋಗಿಲ್ಲ, ತೈಲ ಸಿಗುವ ದೇಶವೆಂಬ ಕಾರಣಕ್ಕೆ ಏನೂ ಮಾಡದೆ ಕುಳಿತರೂ ಮನೆ, ಆರೋಗ್ಯ, ಶಿಕ್ಷಣ ಎಲ್ಲವೂ ಉಚಿತವಾಗಿ ಸಿಗಬೇಕೆಂದು ಬಯಸುತ್ತಾರೆ ಎಂಬರ್ಥದಲ್ಲಿ ಮಾತನಾಡಿದರು. ‘ಸೋಮಾರಿ’ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಯುವಕರಿಗೆ ಅದು ಹಾಗೆಯೇ ನಾಟಿತು. ಆ ಮಾತು ಅನ್ಯಾಯದ್ದೆಂದೇ ನನ್ನ ಅಭಿಪ್ರಾಯ.

ಇಪ್ಪತ್ತು ಕೋಟಿಗೂ ಮೀರಿದ ಜನಸಂಖ್ಯೆಯ ಆ ದೇಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹದಿನೆಂಟು ಹತ್ತೊಂಬತ್ತು ವರ್ಷದೊಳಗಿನವರು. ಕಾಲೇಜು ಸೇರಬೇಕಾದರೆ 400 ಅಂಕಗಳ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಪ್ರತಿ ಸಲವೂ ಹದಿನೈದು ಲಕ್ಷಕ್ಕಿಂತ ಹೆಚ್ಚು ಮಂದಿ ಅದನ್ನು ಬರೆಯುತ್ತಾರೆ, ಅವರಲ್ಲಿ ಅರ್ಧದಷ್ಟು ಮಂದಿಗೂ ಸೀಟು ಸಿಗುವುದಿಲ್ಲ. ಸಿಕ್ಕದವರು ಮರುವರ್ಷ ಮತ್ತೆ ಬರೆಯುತ್ತಾರೆ, ಅದರ ಮರುವರ್ಷವೂ ಬರೆಯುತ್ತಾರೆ. ಸೀಟು ಸಿಕ್ಕಿದ ಮೇಲೂ ಓದು ಹೇಳಿದ ಕಾಲಕ್ಕೆ ಮುಗಿಯುವ ಭರವಸೆಯಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರ ಸಂಘ ವೇತನ ಮತ್ತು ಅನುದಾನದ ವಿಚಾರದಲ್ಲಿ 2020ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಮುಷ್ಕರ ಹೂಡಿತು. ಮತ್ತೆ 2022ರ ಫೆಬ್ರುವರಿ 14ರಿಂದ ಅಕ್ಟೋಬರ್ 14ರವರೆಗೆ ತರಗತಿಗಳು ನಿಂತವು. 2020ರಿಂದ 2022ರವರೆಗೆ ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಆಯುಸ್ಸಿನಿಂದ ಒಂದೂವರೆ ವರ್ಷದಷ್ಟು ಕಾಲ, ಅವನ ಯಾವ ತಪ್ಪೂ ಇಲ್ಲದೆ, ಹೊರಟುಹೋಯಿತು. ಪದವಿಯ ನಂತರ ಒಂದು ವರ್ಷದ ಕಡ್ಡಾಯ ರಾಷ್ಟ್ರಸೇವೆಯಿದೆ. ಅಂತರ್ಯುದ್ಧ ಮುಗಿದ ಮೇಲೆ ಒಡೆದ ದೇಶವನ್ನು ಬೆಸೆಯಲೆಂದು 1973ರಲ್ಲಿ ಆರಂಭವಾದ ಈ ವ್ಯವಸ್ಥೆಯ ಉದ್ದೇಶ ಒಳ್ಳೆಯದೇ. ಆದರೆ ಸೇವೆ ಮುಗಿಸಿ ಕೆಲಸ ಹುಡುಕಲು ಹೊರಟಾಗ, ಇಪ್ಪತ್ತಾರು ದಾಟಿರಬಾರದೆಂಬಂಥ ವಯೋಮಿತಿ ಹಾಕಿದ ಜಾಹೀರಾತುಗಳು ಎದುರಾಗುತ್ತವೆ. ಇಷ್ಟರ ಮೇಲೆ 2023ರ ಜೂನ್‌ನಲ್ಲಿ ಅಲ್ಲಿನ ಹಣವಾದ ನೈರಾದ ವಿನಿಮಯ ದರದ ಮೇಲಿದ್ದ ನಿಯಂತ್ರಣ ಸಡಿಲಗೊಂಡು, ಡಾಲರಿಗೆ 460ರ ಆಸುಪಾಸಿನಲ್ಲಿದ್ದದ್ದು ಮರುವರ್ಷ 1,500ರ ಮಟ್ಟಕ್ಕೆ ಕುಸಿಯಿತು. ಕೂಡಿಟ್ಟ ಹಣದಲ್ಲಿ ಲ್ಯಾಪ್‌ಟಾಪ್ ಕೊಳ್ಳಬೇಕೆಂದಿದ್ದವನ ಕಥೆಯೇನಾಗಿರಬಹುದು, ಯೋಚಿಸಿ ನೋಡಿ. ವೈದ್ಯರು, ದಾದಿಯರು, ಸಾಫ್ಟ್‌ವೇರ್ ಕಲಿತವರು ಬ್ರಿಟನ್ನಿಗೋ ಕೆನಡಾಕ್ಕೋ ಹೊರಟುಹೋಗುತ್ತಿರುವುದು ಇದೇ ಕಾರಣಕ್ಕೆ.

ಹೀಗಿರುವಾಗ ‘ನಿನ್ನನ್ನು ನೀನು ಬೆಳೆಸಿಕೋ’ ಎಂಬ ಭಾಷಣ ಆ ಹುಡುಗನ ಕಿವಿಗೆ ಹಿತವಾಗಿರುತ್ತದೆ, ಏಕೆಂದರೆ ಅವನ ಕೈಯಲ್ಲಿ ಉಳಿದಿರುವುದು ಅದೊಂದೇ. ಅವನಿಗೆ ಆಸೆಯೂ ಇದೆ, ಶ್ರಮವೂ ಗೊತ್ತಿದೆ. ಸಿದ್ಧನಾದವನ ಕೈಗೆ ಕೆಲಸವನ್ನೂ ಬಂಡವಾಳವನ್ನೂ ಒಪ್ಪಿಸುವ ಹಿರಿಯರು ಇಲ್ಲದಿರುವುದೇ ಅಲ್ಲಿನ ದೊಡ್ಡ ಕೊರತೆ.

ಅಂಥ ಹಿರಿಯರು ಇದ್ದಾಗ ಏನಾಗುತ್ತದೆ ಎಂಬುದಕ್ಕೂ ನೈಜೀರಿಯಾದಲ್ಲಿಯೇ ಉತ್ತರವಿದೆ. ಬಿಯಾಫ್ರಾ ಎಂಬ ಪ್ರತ್ಯೇಕ ದೇಶಕ್ಕಾಗಿ 1967ರಿಂದ 1970ರವರೆಗೆ ನಡೆದ ಆ ಅಂತರ್ಯುದ್ಧದಲ್ಲಿ ಸೋತ, ಆಗ್ನೇಯ ನೈಜೀರಿಯಾದ ಇಗ್ಬೋ ಜನರಿಗೆ, ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದರೂ, ಖಾತೆದಾರರಿಗೆ ತಲಾ 20 ಪೌಂಡ್ ಮಾತ್ರ ಕೊಡಲಾಯಿತು. ಅಷ್ಟರಿಂದ ಅವರು ಮತ್ತೆ ವ್ಯಾಪಾರಕ್ಕೆ ನಿಂತದ್ದರಲ್ಲಿ ಅವರ ಶಿಷ್ಯವೃತ್ತಿ ಪದ್ಧತಿಯ ಪಾಲು ದೊಡ್ಡದು. ಹದಿಹರೆಯದ ಹುಡುಗನೊಬ್ಬ ಬಂಧುವಿನದೋ ಊರವರದೋ ಅಂಗಡಿಗೆ ಸೇರುತ್ತಾನೆ. ಸಂಬಳವಿಲ್ಲ, ಊಟ ವಸತಿ ಯಜಮಾನನದು. ಬೆಳಿಗ್ಗೆ ಶಟರ್ ಎತ್ತಿ ಕಸ ಗುಡಿಸುವುದು, ಸರಕಿನ ಪೆಟ್ಟಿಗೆ ಹೊರುವುದು, ಯಾವ ಗಿರಾಕಿಗೆ ಎಷ್ಟು ಬಿಡಬಹುದೆಂದು ಮುಖ ನೋಡಿ ತಿಳಿಯುವುದು, ಯಜಮಾನ ಸರಕು ತರಲು ಹೋದಾಗ ಗಲ್ಲಾ ನೋಡಿಕೊಳ್ಳುವುದು, ಹೀಗೆ ಐದಾರು ವರ್ಷ ಕಳೆಯುತ್ತದೆ. ಅವಧಿ ಮುಗಿದ ದಿನ ಯಜಮಾನ ಅವನಿಗೆ ಬಂಡವಾಳವನ್ನೋ ಸರಕನ್ನೋ ಕೊಟ್ಟು, ಕೆಲವೊಮ್ಮೆ ಅಂಗಡಿಯ ಬಾಡಿಗೆಯನ್ನೂ ಕಟ್ಟಿ, ಸ್ವಂತ ವ್ಯಾಪಾರಕ್ಕೆ ಇಳಿಸುತ್ತಾನೆ. ತನಗೇ ಪೈಪೋಟಿಯಾಗಬಲ್ಲವನಿಗೆ ತಾನೇ ಬಂಡವಾಳ ಕೊಡುವ ಈ ಔದಾರ್ಯ ನನ್ನನ್ನು ಬಹಳವಾಗಿ ತಟ್ಟಿದೆ. ಒನಿಟ್ಶಾದ ಮಾರುಕಟ್ಟೆ, ನ್ನೆವಿಯ ವಾಹನ ಬಿಡಿಭಾಗಗಳ ವ್ಯಾಪಾರ, ಲಾಗೋಸಿನ ಅಲಾಬಾದ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಬೆಳೆದದ್ದು ಹೀಗೆ. ಪದ್ಧತಿಯಲ್ಲಿ ದೋಷವಿಲ್ಲವೆಂದಲ್ಲ. ಕೊಡುವ ದಿನ ಹತ್ತಿರ ಬಂದಾಗ ಕಳ್ಳತನದ ಆರೋಪ ಹೊರಿಸಿ ಬರಿಗೈಯಲ್ಲಿ ಕಳುಹಿಸುವ ಯಜಮಾನರೂ ಇದ್ದಾರೆ, ಆಗ ಆ ಹುಡುಗ ಐದಾರು ವರ್ಷಗಳನ್ನು ಪೂರ್ತಿ ಕಳೆದುಕೊಳ್ಳುತ್ತಾನೆ.

ಈಗ ತಮ್ಮ ಮಗನ ವಿಷಯ. ಲಾಗೋಸಿನ ಹುಡುಗನಿಗಿರುವ ಅಡ್ಡಿಗಳು ತಮ್ಮ ಮಗನಿಗಿಲ್ಲ, ಆದ್ದರಿಂದ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ. ಆದರೆ ತಾವು ಪತ್ರದಲ್ಲಿ ಬರೆಯದ ಒಂದು ಸಂಗತಿಯನ್ನು ನಾನು ಕೇಳಲೇಬೇಕು: ತೋಟದಲ್ಲಿ ಅವನು ತೀರ್ಮಾನಿಸುವಂಥದ್ದು ಏನಾದರೂ ಇದೆಯೇ? ನಮ್ಮ ಜಿಲ್ಲೆಯಲ್ಲಿ ನಾನು ಕಾಣುವುದೇನೆಂದರೆ, ಮೂವತ್ತರ ಮಗನಿಗೂ ಕಣದಲ್ಲಿ ಚೀಲ ಎಣಿಸುವ ಕೆಲಸವಿರುತ್ತದೆ, ಆದರೆ ಕಾಫಿಯನ್ನು ಯಾರಿಗೆ, ಯಾವಾಗ, ಯಾವ ದರಕ್ಕೆ ಮಾರಬೇಕೆಂಬ ಮಾತಿನಲ್ಲಿ ಅವನಿಗೆ ಸ್ಥಾನವಿರುವುದಿಲ್ಲ. ಜಾಗ ಹಿರಿಯರ ಹೆಸರಿನಲ್ಲಿರುತ್ತದೆ, ಬ್ಯಾಂಕ್ ಖಾತೆಯೂ ಅವರದೇ. ಅಂಥವನು ತನ್ನ ಸಾಮರ್ಥ್ಯವನ್ನು ಫೋನಿನಲ್ಲಿ ಹುಡುಕಿದರೆ ಅವನೊಬ್ಬನನ್ನೇ ದೂರಲು ನನಗೆ ಮನಸ್ಸಾಗುವುದಿಲ್ಲ.

ಅವನಿಗೆ ಉಪದೇಶ ಹೇಳುವುದಕ್ಕಿಂತ ಎರಡು ಎಕರೆ ರೊಬಸ್ಟಾವನ್ನು ಒಂದು ವರ್ಷದ ಮಟ್ಟಿಗೆ ಪೂರ್ತಿಯಾಗಿ ಬಿಟ್ಟುಕೊಡಿ. ಹೂವಿಗೆ ಸ್ಪ್ರಿಂಕ್ಲರ್ ಹಾಕುವ ದಿನ, ಗೊಬ್ಬರದ ಖರ್ಚು, ಆಳುಗಳ ಕೂಲಿ, ಒಣಗಿದ ಚೆರಿಯ ಔಟ್‌ಟರ್ನ್ (ಕಾಫಿ ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ವಿಷಯದಲ್ಲಿ ವ್ಯಾಪಾರಿಯೊಂದಿಗಿನ ಚರ್ಚೆ, ಎಲ್ಲವೂ ಅವನದೇ ಆಗಿರಲಿ. ಲಾಭ ಬಂದರೆ ಅವನ ಖಾತೆಗೆ ಹೋಗಲಿ, ನಷ್ಟವಾದರೆ ಲೆಕ್ಕಪುಸ್ತಕದಲ್ಲಿ ಅವನ ಕೈಬರಹದಲ್ಲಿಯೇ ಇರಲಿ. ಮಧ್ಯದಲ್ಲಿ ತಮಗೆ ತಪ್ಪೆನಿಸಿದರೂ ಅವನು ಕೇಳುವವರೆಗೆ ಬಾಯಿ ಹಾಕಬೇಡಿ. ವರ್ಷದ ಕೊನೆಗೆ ಅವನು ತೋಟ ಬೇಡವೆಂದು ಬೆಂಗಳೂರಿಗೆ ಹೊರಟರೆ ಅದನ್ನೂ ಸೋಲೆಂದು ಭಾವಿಸಬೇಡಿ, ಆ ನಿರ್ಧಾರ ಅನುಭವದ ಮೇಲೆ ಬಂದದ್ದಾಗಿರುತ್ತದೆ.

ಪ್ರಶ್ನೆ: ಹಾಗಾದರೆ ವ್ಯಕ್ತಿತ್ವ ವಿಕಸನದ ಕೋರ್ಸುಗಳಿಂದ ಪ್ರಯೋಜನವೇ ಇಲ್ಲವೇ? ನೈಜೀರಿಯಾದವರೇ ಎಷ್ಟೋ ಮಂದಿ ಸ್ವಂತ ಬಲದಿಂದ ಮೇಲೆ ಬಂದಿದ್ದಾರಲ್ಲ?
ಬಿ.ಕಾಂ. ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಬಂದಿದ್ದಾರೆ, ಅದು ಸಂತೋಷದ ವಿಷಯ. ಲಾಗೋಸಿನಲ್ಲಿ 2015ರಲ್ಲಿ ಇಬ್ಬರು ಗೆಳೆಯರು ಆರಂಭಿಸಿದ ಪೇಸ್ಟ್ಯಾಕ್ ಎಂಬ ಹಣಪಾವತಿ ಸಂಸ್ಥೆಯನ್ನು ಐದೇ ವರ್ಷಗಳಲ್ಲಿ ಅಮೆರಿಕದ ಸ್ಟ್ರೈಪ್ 20 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಅಂಗಡಿಯವರಿಗೆ ಆನ್‌ಲೈನಿನಲ್ಲಿ ಹಣ ಪಡೆಯುವುದು ಕಷ್ಟವಾಗಿತ್ತು, ಆ ಗೆಳೆಯರು ಆ ಕಷ್ಟವನ್ನು ಕೈಗೆತ್ತಿಕೊಂಡರು. ಲಾಗೋಸ್ ರಾಜ್ಯದ ಇಕೊರೊಡುವಿನ ಕ್ಷೌರದಂಗಡಿಯೊಂದರಲ್ಲಿ ಚೆಸ್ ಕಲಿತ ಟುಂಡೆ ಒನಕೋಯ 2018ರಲ್ಲಿ ಕೊಳೆಗೇರಿಯ ಮಕ್ಕಳಿಗೆ ಚೆಸ್ ಕಲಿಸುವ ಸಂಸ್ಥೆ ಕಟ್ಟಿದರು. 2024ರ ಏಪ್ರಿಲ್‌ನಲ್ಲಿ ಅವರು ನ್ಯೂಯಾರ್ಕಿನಲ್ಲಿ 60 ಗಂಟೆ ಚೆಸ್ ಆಡಿದ್ದು ಆ ಮಕ್ಕಳ ಓದಿಗೆ ಹಣ ಕೂಡಿಸಲೆಂದು. ಇವರೆಲ್ಲರ ಕಲಿಕೆ ಬೇಗನೆ ಇನ್ನೊಬ್ಬರ ಉಪಯೋಗಕ್ಕೆ ಬಿತ್ತು ಎಂಬುದನ್ನು ಗಮನಿಸಿ.

ಕೋರ್ಸಿಗೆ ಹಣ ಕಟ್ಟುವ ಮೊದಲು, ಕಲಿತದ್ದನ್ನು ಯಾರಿಗೆ ಮಾಡಿಕೊಡುವಿರಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ನಿಮ್ಮೂರಿನ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿಯೇ ಕಾಫಿ ಸಂಸ್ಕರಣಾ ಘಟಕಗಳಿವೆ. ಸುತ್ತಮುತ್ತ ಹೋಂಸ್ಟೇಗಳಿವೆ, ಜಿಎಸ್‌ಟಿ ಲೆಕ್ಕಕ್ಕೆ ಪರದಾಡುವ ಸಣ್ಣ ವ್ಯಾಪಾರಿಗಳಿದ್ದಾರೆ. ಈ ರಜೆಯಲ್ಲಿ ಒಬ್ಬರ ಲೆಕ್ಕಪತ್ರವನ್ನು ನೋಡಿಕೊಡುವುದಾಗಿ ಹೋಗಿ ಕೇಳಿ. ಯಾವ ಕೋರ್ಸು ಬೇಕೆಂಬುದು ಆ ಕೆಲಸ ಮಾಡುತ್ತಿರುವಾಗ ನಿಮಗೇ ತಿಳಿಯುತ್ತದೆ.