ಅಣ್ಣ ಒಳ್ಳೆಯವನು, ಆದರೂ ‘ಅವರೆಲ್ಲ ಹಾಗೇ’ ಅನ್ನುತ್ತಾನೆ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ನಾಲ್ಕು ಸಲ ಓದಿದೆ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ. ವಿಷಯ ಇಷ್ಟು: “ನಮ್ಮಣ್ಣ ಯಾರಿಗೆ ಕಷ್ಟ ಅಂದರೂ ನಡುರಾತ್ರಿ ಎದ್ದು ಓಡುವವನು. ಆದರೆ ಆ ಇನ್ನೊಂದು ಪಂಗಡದವರ ಮಾತು ಬಂದರೆ ಸಾಕು, ಮುಖವೇ ಬೇರೆಯಾಗುತ್ತದೆ. ‘ಅವರೆಲ್ಲ ಹಾಗೇ’ ಅನ್ನುತ್ತಾನೆ. ಇಷ್ಟು ಮರುಕ ಇರುವವನಲ್ಲಿ ಅಷ್ಟು ಹಗೆ ಹೇಗೆ? ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಸುಮ್ನೆ ಬಿಟ್ಟುಬಿಡಲೇ?”

ಯಾವ ಪಂಗಡ ಎಂದು ನೀವು ಬರೆದಿಲ್ಲ. ಒಳ್ಳೆಯದೇ ಆಯಿತು. ಬರೆದಿದ್ದರೆ ನಾನೂ ಒಂದು ಕಡೆಗೆ ವಾಲುತ್ತಿದ್ದೆನೇನೋ.

ಮರುಕ ಇದ್ದಲ್ಲಿ ಹಗೆ ಇರಲಾರದು ಎಂಬ ನಂಬಿಕೆ ನನಗೂ ಇತ್ತು. ಈಗಿಲ್ಲ. ಮರುಕಕ್ಕೂ ಬೇಲಿ ಇರುತ್ತದೆ. ತನ್ನವರ ನೋವಿಗೆ ಬೇಗ ಕರಗುವ ಮನಸ್ಸು, ಆ ನೋವಿಗೆ ಕಾರಣ ಇವರೇ ಎಂದು ಯಾರನ್ನು ನಂಬಿದೆಯೋ ಅವರ ಮೇಲೆ ಅಷ್ಟೇ ಬೇಗ ಕುದಿಯುತ್ತದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಇತರರ ಕಷ್ಟಕ್ಕೆ ಹೆಚ್ಚು ಮರುಗುವವರಲ್ಲೇ ಎದುರು ಪಕ್ಷದವರ ಮೇಲಿನ ಸಿಟ್ಟೂ ಜಾಸ್ತಿ ಕಂಡಿತು. ನಿಮ್ಮಣ್ಣನ ಒಳ್ಳೆಯತನವೂ ನಿಜ, ಆ ಮುಖವೂ ನಿಜ. ಒಂದು ಅಸಲಿ, ಇನ್ನೊಂದು ನಕಲಿ ಎಂದು ಹುಡುಕುತ್ತಾ ಕೂರಬೇಡಿ.

ಹುಟ್ಟುಗುಣವೇ ಎಂದು ಕೇಳಿದ್ದೀರಿ. ‘ನಾವು–ಅವರು’ ಎಂದು ಗೆರೆ ಎಳೆಯುವ ಚಾಳಿ ನಮ್ಮೆಲ್ಲರಲ್ಲೂ ಇದೆ. ಹೆನ್ರಿ ತಾಜ್ಫೆಲ್ ಎಂಬ ಮನೋವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೆಸರುವಾಸಿ. ಪೋಲೆಂಡಿನ ಯಹೂದಿ ಅವರು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಬದುಕಿ ಬಂದರು. ಮನೆಯವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ. ಮುಂದೆ ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವಯಸ್ಸಿನ ಶಾಲಾ ಹುಡುಗರಿಗೆ ತೆರೆಯ ಮೇಲೆ ಚುಕ್ಕೆಗಳನ್ನು ತೋರಿಸಿ, ಎಷ್ಟಿವೆ ಎಂದು ಅಂದಾಜು ಕೇಳಿದರು. ಹೆಚ್ಚು ಎಂದವರು ಒಂದು ಗುಂಪು, ಕಡಿಮೆ ಎಂದವರು ಇನ್ನೊಂದು ಎಂದು ಹೇಳಿದರು. ಅದೂ ಸುಳ್ಳೇ. ಸುಮ್ಮನೆ ಮನಸ್ಸಿಗೆ ಬಂದಂತೆ ಹಂಚಿದ್ದು. ಆಮೇಲೆ ಒಬ್ಬೊಬ್ಬನನ್ನೂ ಬೇರೆ ಕೂರಿಸಿ, ಉಳಿದವರಿಗೆ ದುಡ್ಡು ಹಂಚು ಎಂದರು. ಹಂಚುವವನಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ದುಡ್ಡು ಪಡೆಯುವವನ ಗುಂಪು ಯಾವುದು ಎಂದಷ್ಟೇ ಗೊತ್ತು, ಅವನು ಯಾರು ಎಂದು ಗೊತ್ತಿಲ್ಲ. ಆದರೂ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ನನಗೆ ಕಸಿವಿಸಿಯಾದದ್ದು ಇದರಿಂದಲ್ಲ. ಇಂಥದ್ದೇ ಮುಂದಿನ ಪ್ರಯೋಗದಲ್ಲಿ, ತಮ್ಮವರಿಗೆ ಸ್ವಲ್ಪ ಕಡಿಮೆ ಬಂದರೂ ಸರಿ, ಆಚೆಯವರಿಗಿಂತ ಜಾಸ್ತಿ ಇರಬೇಕು ಎಂಬಂತೆ ಎಷ್ಟೋ ಸಲ ಹಂಚಿದರಲ್ಲ, ಅದರಿಂದ.

ನನ್ನ ಮೇಜಿನ ಕಥೆಯನ್ನೂ ಹೇಳಿಬಿಡುತ್ತೇನೆ. ನನಗೆ ಒಪ್ಪಿಗೆಯಿಲ್ಲದ ಬಣದವರ ಪತ್ರ ಬಂದರೆ ಕಾಗುಣಿತದ ತಪ್ಪು ಮೊದಲು ಕಣ್ಣಿಗೆ ಬೀಳುತ್ತದೆ. ನಮ್ಮ ಬಣದವರದ್ದಾದರೆ ‘ಅವಸರದಲ್ಲಿ ಬರೆದಿದ್ದಾರೆ ಪಾಪ’ ಎಂದು ತಿದ್ದಿ ಮುಂದೆ ಹೋಗುತ್ತೇನೆ.

ಗೆರೆ ಎಲ್ಲರಲ್ಲೂ ಇದ್ದರೂ ಎಲ್ಲರಲ್ಲೂ ಅದು ಹಗೆಯಾಗುವುದಿಲ್ಲ. ಹಗೆಯಾಗಲು ಬೇರೆ ಏನೋ ಬೇಕು. ಈ ವಿಷಯ ಓದಿದವರು ಎರಡು ಬೇರುಗಳನ್ನು ತೋರಿಸುತ್ತಾರೆ. ಒಂದು, ಭಯ: ಲೋಕ ಕೆಟ್ಟಿದೆ, ನಮ್ಮತನ ಹೋಗುತ್ತಿದೆ, ಯಾರಾದರೂ ಬಿಗಿಯಾಗಿ ಹಿಡಿಯಬೇಕು ಎನ್ನುವ ಮನಸ್ಸು. ಇನ್ನೊಂದು, ಮೇಲಿರಬೇಕೆಂಬ ಹಟ: ಬದುಕು ಅಂದರೆ ಪೈಪೋಟಿ, ಕೆಲವರು ಮೇಲೆ ಕೆಲವರು ಕೆಳಗೆ ಇರುವುದೇ ಸರಿ ಎನ್ನುವ ಮನಸ್ಸು. ಈ ಎರಡನ್ನೂ ಸೇರಿಸಿ 2001ರಲ್ಲಿ ಜಾನ್ ಡಕಿಟ್ ಎಂಬವರು ಒಂದು ವಿವರಣೆ ಕೊಟ್ಟರು. ಹೊರಗಿನಿಂದ ಇಬ್ಬರ ಮಾತೂ ಒಂದೇ ಥರ ಕೇಳುತ್ತದೆ. ಆದರೆ ಹೆದರಿದವನಿಗೆ ಬುದ್ಧಿ ಹೇಳಿದರೆ ಇನ್ನಷ್ಟು ಹೆದರುತ್ತಾನೆ. ಮೇಲಿರಬೇಕು ಅನ್ನುವವನಿಗೆ ಧೈರ್ಯ ತುಂಬಿ ಏನೂ ಉಪಯೋಗವಿಲ್ಲ. ನಡುರಾತ್ರಿ ಓಡುವ ನಿಮ್ಮಣ್ಣ, ಪತ್ರ ನೋಡಿದರೆ, ಮೊದಲನೇ ಥರದವರು ಅನ್ನಿಸುತ್ತದೆ.

ಭಯ ಎಂದರೆ ಇನ್ನೊಂದು ಮಾತು. ‘ಅವರಿಗೆ ನಮ್ಮನ್ನು ಕಂಡರೆ ಆಗುವುದಿಲ್ಲ’ ಎಂದು ಅಣ್ಣ ಹೇಳುವುದುಂಟಾ? ಈ ಲೆಕ್ಕ ಬಹಳ ಸಲ ತಪ್ಪಿರುತ್ತದೆ. ಅಮೆರಿಕದ ಎರಡು ಪಕ್ಷಗಳವರನ್ನು ಕೇಳಿ ನೋಡಿದಾಗ, ಆಚೆಯವರು ತಮ್ಮನ್ನು ಎಷ್ಟು ದ್ವೇಷಿಸುತ್ತಾರೆ ಎಂದು ಇಬ್ಬರೂ ಮಾಡಿದ ಅಂದಾಜು ನಿಜಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಇಲ್ಲದ ಹಗೆಗೆ ಉತ್ತರ ಕೊಡಲು ಹೋಗಿ ನಿಜವಾದ ಹಗೆ ಕಟ್ಟಿಕೊಳ್ಳುವುದು ಅಂದರೆ ಇದೇ ಅಲ್ವಾ.

ಹಾಗಾದರೆ ಮಾಡುವುದೇನು? ವಾದ ಮಾಡಬೇಡಿ. ಅಂಕಿಅಂಶ ಮುಂದಿಡಬೇಡಿ. 2016ರಲ್ಲಿ ಪ್ರಕಟವಾದ ಮಯಾಮಿ ನಗರದ ಒಂದು ಪ್ರಯೋಗ ನನಗೆ ಇಷ್ಟ. ಮನೆಮನೆಗೆ ಹೋದ ಕಾರ್ಯಕರ್ತರು ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಸುಮಾರು 10 ನಿಮಿಷ ಮಾತಾಡಿದರು. ಭಾಷಣವಲ್ಲ. ‘ಎಲ್ಲರಿಗಿಂತ ಬೇರೆ ಎಂದು ನಿಮ್ಮನ್ನೂ ಯಾರಾದರೂ ಕೀಳಾಗಿ ಕಂಡದ್ದುಂಟಾ?’ ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡರು. ಪೂರ್ವಗ್ರಹ ಕಡಿಮೆಯಾದದ್ದು ಮೂರು ತಿಂಗಳಾದರೂ ಉಳಿದಿತ್ತು. ನೀವು ಅಣ್ಣನನ್ನು ಹೀಗೆ ಕೇಳಿದ್ದೀರಾ? ಪತ್ರದಲ್ಲಿ ಅವರ ಮಾತಿದೆ, ನಿಮ್ಮ ಸಿಟ್ಟಿದೆ, ಪ್ರಶ್ನೆ ಮಾತ್ರ ಎಲ್ಲೂ ಕಾಣಲಿಲ್ಲ. ‘ಇಂಥ ಗಂಡಸರೆಲ್ಲ ಹೀಗೇ’ ಎಂದು ನೀವೂ ಎರಡನೇ ಪುಟದಲ್ಲಿ ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಕಾಗುಣಿತ ನೋಡುವ ಕಣ್ಣು ನನ್ನದು.

ಜೊತೆಗೆ ಒಡನಾಟ ಬೇಕು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬಿಬ್ಬರು 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಒಡನಾಟ ಹೆಚ್ಚಿದ್ದ ಕಡೆ ಸಾಮಾನ್ಯವಾಗಿ ಪೂರ್ವಗ್ರಹ ಕಡಿಮೆ ಇತ್ತು. ಆಚೆಯವರ ಬಗ್ಗೆ ತಿಳಿವಳಿಕೆ ಹೆಚ್ಚುವುದಕ್ಕಿಂತ ಅಳುಕು ಕಡಿಮೆಯಾಗುವುದೇ ಇದರಲ್ಲಿ ಜಾಸ್ತಿ ಕೆಲಸ ಮಾಡುತ್ತದಂತೆ. ಆದರೆ ಒಂದು ತೊಡಕಿದೆ, ಅದು ನಿಮ್ಮ ಪತ್ರದಲ್ಲೇ ಇದೆ. ಕಾಲೇಜಿನಲ್ಲಿ ಅಣ್ಣನಿಗೆ ಆ ಪಂಗಡದ ಗೆಳೆಯರೊಬ್ಬರು ಇದ್ದರು, ಅವರ ಮಾತು ತೆಗೆದರೆ ‘ಅವನ ವಿಷಯ ಬಿಡು, ಅವನು ಅವರ ಥರ ಅಲ್ಲ’ ಅನ್ನುತ್ತಾರೆ ಎಂದು ಬರೆದಿದ್ದೀರಿ. ಬೇಲಿಯಲ್ಲಿ ಒಬ್ಬರಿಗಾಗಿ ಗೇಟು ತೆರೆದು, ಅವರು ಒಳಗೆ ಬಂದ ಮೇಲೆ ಮತ್ತೆ ಅಗುಳಿ ಹಾಕಿದ ಹಾಗೆ. ಒಬ್ಬ ಒಳ್ಳೆಯವರು ಸಿಕ್ಕರೆ ಇಡೀ ಪಂಗಡದ ಬಗ್ಗೆ ಮನಸ್ಸು ಬದಲಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಅವರು ತಮ್ಮ ಪಂಗಡದವರಾಗಿಯೇ ಕಂಡರೆ, ಅವರ ಮನೆಯವರು, ಅವರ ಇತರ ಗೆಳೆಯರು ಎಂದು ಪರಿಚಯ ಹಬ್ಬಿದರೆ, ಆಗ ‘ಅವರ ಥರ ಅಲ್ಲ’ ಎನ್ನಲು ಕಷ್ಟವಾಗುತ್ತದೆ.

ಆ ಗೆಳೆಯರ ಫೋನ್ ನಂಬರ್ ಅಣ್ಣನ ಹತ್ತಿರ ಇನ್ನೂ ಇದೆಯಾ, ಒಮ್ಮೆ ಕೇಳಿ ನೋಡಿ.

— ಸಂಪಾದಕ